ಚೀಲ ಏರುವ ಮುಂಚೆ ಕಲ್ಲು ಏರಲಿ

ತೊಗರಿ ರಾಶಿ ಮುಗಿದ ದಿನಗಳು. ಲಿಂಗಸುಗೂರಿನಿಂದ ತಿಂಥಣಿ ಸೇತುವೆಯ ಕಡೆ ಹೋಗುವ ರಸ್ತೆಯಲ್ಲಿ, ಗುರುಗುಂಟಾದ ಒಂದು ಖರೀದಿ ಅಂಗಡಿಯ ಮುಂದೆ ಟ್ರ್ಯಾಕ್ಟರ್ ನಿಂತಿದೆ. ನೀವು ಕಾಟಾದ ಪಕ್ಕದಲ್ಲೇ ಇದ್ದೀರಿ. ಹುಡುಗ ಬೆನ್ನ ಮೇಲಿನ ಚೀಲವನ್ನು ಧೊಪ್ಪನೆ ತಗಡಿನ ಮೇಲೆ ಇಳಿಸುತ್ತಾನೆ. ಕೆಂಪು ಅಂಕಿಗಳು ಓಡಿ ನಿಲ್ಲುತ್ತವೆ: 49.94.

"ಮನ್ಯಾಗ ತೂಗಿದಾಗ ಪೂರಾ ಐವತ್ತಿತ್ತಲ್ಲೋ ತಮ್ಮಾ," ಎನ್ನುತ್ತಾರೆ ಹಿರಿಯ ರೈತರು.

"ಮಷೀನ್ ಸುಳ್ಳ ಹೇಳ್ತದೇನ್ರಿ ಕಾಕಾ? ಕರೆಂಟಿನ ಕಾಟಾ ಅದ."

ಕಾಕಾ ಮಾತು ಬೆಳೆಸುವುದಿಲ್ಲ. ಟ್ರ್ಯಾಕ್ಟರಿನಲ್ಲಿದ್ದ ಹೊಲಿಗೆ ಬಿಚ್ಚದ ಯೂರಿಯಾ ಚೀಲ ತರಿಸುತ್ತಾರೆ. "ಇದು ಕಂಪನಿ ಮಾಲು, ನಲವತ್ತೈದು ಕೆ.ಜಿ. ಇಡು, ನೋಡೂಣು."

ಅವರು ಕೇಳಿದ್ದು ಸರಿಯಾದ ಪ್ರಶ್ನೆ. ತೂಕ ಗೊತ್ತಿರುವ ವಸ್ತುವನ್ನು ಇಟ್ಟು, ಕಾಟಾ ಏನು ಹೇಳುತ್ತದೆ ಎಂದು ನೋಡುವುದು. ಜಗತ್ತಿನ ಯಾವ ಪ್ರಯೋಗಾಲಯದಲ್ಲೂ ಕ್ಯಾಲಿಬ್ರೇಶನ್ ಶುರುವಾಗುವುದು ಹೀಗೆಯೇ. ಆದರೆ ಯೂರಿಯಾ ಚೀಲ ಈ ಕೆಲಸಕ್ಕೆ ಸಾಲದು. ಖಾಲಿ ಚೀಲದ ತೂಕ ಬೇರೆ ಇದೆ. ಅಷ್ಟು ದೊಡ್ಡ ಪ್ಯಾಕೆಟ್ಟಿನ ಒಳಗಿನ ಮಾಲಿನಲ್ಲಿ ಶೇ 1ರಷ್ಟು, ಅಂದರೆ 450 ಗ್ರಾಂ ಕೊರತೆಯನ್ನು ಕಾನೂನೇ ಒಪ್ಪುತ್ತದೆ. ಕಾಕಾ ಹುಡುಕುತ್ತಿರುವುದು ಅರವತ್ತು ಗ್ರಾಂ. ಪರೀಕ್ಷೆಗೆ ಇಡುವ ಕಲ್ಲಿನ ತಪ್ಪು, ಆ ಕಾಟಾಕ್ಕೆ ಮನ್ನಿಸಿರುವ ತಪ್ಪಿನ ಮೂರನೇ ಒಂದು ಪಾಲು ಮೀರಬಾರದು.

ಅಂಥ ಕಲ್ಲುಗಳು ಈಗ ಜೀಪಿನಿಂದ ಇಳಿಯುತ್ತಿವೆ. ಇವತ್ತು ಮುದ್ರೆ ಹಾಕುವ ದಿನ. ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರು ಬಂದಿದ್ದಾರೆ. ಕಿರಾಣಿಯವರು, ಕಾಯಿಪಲ್ಲೆಯವರು ತಕ್ಕಡಿ ಹೊತ್ತು ಸಾಲು ನಿಂತಿದ್ದಾರೆ.

"ಸಾಹೇಬ್ರ, ಮೊದ್ಲ ಇದನ್ನ ನೋಡ್ರಿ," ಎನ್ನುತ್ತಾರೆ ಕಾಕಾ.

ನಿರೀಕ್ಷಕರು ಮೊದಲು ಕಲ್ಲು ಮುಟ್ಟುವುದಿಲ್ಲ, ಬಗ್ಗಿ ನೋಡುತ್ತಾರೆ. ಮಟ್ಟ ತೋರಿಸುವ ಗುಳ್ಳೆ ನಡುವೆ ಇಲ್ಲ. ಕಾಲು ತಿರುಗಿಸಿ ಸರಿಪಡಿಸುತ್ತಾರೆ. ತಗಡೆತ್ತಿ ಕೆಳಗೆ ಸಿಕ್ಕಿದ್ದ ತೊಗರಿ ಹೊಟ್ಟನ್ನು ತೆಗೆಸುತ್ತಾರೆ. ಸೊನ್ನೆ ನಿಂತ ಮೇಲೆ 5 ಕೆ.ಜಿ., 20, 50, ಹೀಗೆ ಏರಿಸುತ್ತ ಹೋಗಿ, ಅದೇ ದಾರಿಯಲ್ಲಿ ಇಳಿಸುತ್ತ ಬರುತ್ತಾರೆ. ಏರುವಾಗ ಸರಿ ಹೇಳಿ ಇಳಿಯುವಾಗ ತಪ್ಪುವ ಕಾಟಾಗಳೂ ಇರುತ್ತವೆ. ಇದು 100 ಕೆ.ಜಿ. ತೂಗುವ, 10 ಗ್ರಾಂ ಹೆಜ್ಜೆಯ ಕಾಟಾ. ಮುದ್ರೆ ಬೀಳಬೇಕಾದರೆ 5 ಕೆ.ಜಿ.ವರೆಗೆ 5 ಗ್ರಾಂ, 20ರವರೆಗೆ 10 ಗ್ರಾಂ, ಅಲ್ಲಿಂದಾಚೆ 15 ಗ್ರಾಂಗಿಂತ ಹೆಚ್ಚು ತಪ್ಪಬಾರದು. ಎಲ್ಲವೂ ಮಿತಿಯೊಳಗೇ ಇವೆ. ಅಂಗಡಿ ಹುಡುಗನ ಮುಖ ಅರಳುತ್ತದೆ.

ಇನ್ನು ಮೂಲೆಗಳು. ಕಾಟಾದ ಶಕ್ತಿಯ ಸುಮಾರು ಮೂರನೇ ಒಂದು ಪಾಲು ಕಲ್ಲನ್ನು ಒಂದೊಂದು ಮೂಲೆಗೂ ಇಡುತ್ತಾರೆ. ಮೂರು ಮೂಲೆಗಳಲ್ಲಿ 30 ಕೆ.ಜಿ.ಗೆ 30.00 ಬರುತ್ತದೆ. ನಾಲ್ಕನೆಯದರಲ್ಲಿ, ಟ್ರ್ಯಾಕ್ಟರ್ ಕಡೆಗಿರುವ ಮೂಲೆಯಲ್ಲಿ, 29.96. ಮತ್ತೊಮ್ಮೆ ಇಡುತ್ತಾರೆ. ಮತ್ತೆ 29.96.

ಹುಡುಗ ಪ್ರತಿ ಚೀಲವನ್ನೂ ಎಸೆಯುತ್ತಿದ್ದದ್ದು ಅದೇ ಮೂಲೆಗೆ. ತಗಡಿನ ಕೆಳಗಿರುವ ಲೋಡ್ ಸೆಲ್ ಒಂದು ಲೋಹದ ತುಂಡು. ಭಾರ ಬಿದ್ದಾಗ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಮೈಗೆ ಅಂಟಿಸಿದ ತೆಳುವಾದ ತಂತಿಗಳ ವಿದ್ಯುತ್ ರೋಧ ಬದಲಾಗುತ್ತದೆ. ಅದೇ ಅಂಕಿಯಾಗಿ ಹೊರಬರುತ್ತದೆ. ಚೀಲ ಎತ್ತಿ ಕುಕ್ಕಿದಷ್ಟೂ ಆ ಜೋಡಣೆ ವಾಲುತ್ತದೆ. ಇಲ್ಲಿ ಯಾರೂ ಮೋಸ ಮಾಡಿಲ್ಲ, ಆದರೂ ನಷ್ಟ ಆಗಿದೆ. ಅದಕ್ಕೇ ನನಗೆ ಮಷೀನ್ ಸುಳ್ಳು ಹೇಳುವುದಿಲ್ಲ ಎಂಬ ಮಾತಿನ ಮೇಲೆ ಸಿಟ್ಟು. ಮಷೀನಿಗೆ ಸುಳ್ಳೂ ಗೊತ್ತಿಲ್ಲ, ನಿಜವೂ ಗೊತ್ತಿಲ್ಲ. ಗೊತ್ತಿರುವ ಕಲ್ಲಿನ ಎದುರು ನಿಲ್ಲಿಸಿದಾಗ ಮಾತ್ರ ಅದು ಎಷ್ಟು ತಪ್ಪುತ್ತದೆ ಎಂಬುದು ನಮಗೆ ತಿಳಿಯುತ್ತದೆ.

ಇವತ್ತು ಈ ಕಾಟಾಕ್ಕೆ ಮುದ್ರೆ ಇಲ್ಲ. ಅದನ್ನು ಹೊಂದಿಸುವುದು ರಿಪೇರಿಯವನ ಕೆಲಸ, ಹೊಂದಿಸಿದ್ದನ್ನು ಮತ್ತೆ ಪರೀಕ್ಷಿಸಿ ಮುದ್ರೆ ಹಾಕುವುದು ನಿರೀಕ್ಷಕರ ಕೆಲಸ. ಈ ಎರಡೂ ಒಂದೇ ಕೈಯಲ್ಲಿ ಇರಬಾರದು, ಇರುವುದೂ ಇಲ್ಲ.

"ಸಾಹೇಬ್ರ, ನಿಮ್ಮ ಕಲ್ಲು ಖರೇ ಅಂತ ಯಾರು ಹೇಳ್ಯಾರ?"

ಗುಂಪು ನಗುತ್ತದೆ, ನಿರೀಕ್ಷಕರು ನಗುವುದಿಲ್ಲ. ಈ ಕಲ್ಲುಗಳನ್ನು ರಾಜ್ಯದ ಮಾನಕಗಳೊಂದಿಗೆ ಹೋಲಿಸಿರುತ್ತಾರೆ. ಅವನ್ನು ಬೆಂಗಳೂರಿನಲ್ಲಿರುವ ಪ್ರಾದೇಶಿಕ ಉಲ್ಲೇಖ ಮಾನಕ ಪ್ರಯೋಗಾಲಯದಲ್ಲಿ, ಅಲ್ಲಿಯದನ್ನು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮಾನಕಗಳೊಂದಿಗೆ. ಅಲ್ಲಿ ಪ್ಲಾಟಿನಂ-ಇರಿಡಿಯಂನಿಂದ ಮಾಡಿದ 57ನೇ ನಂಬರಿನ ಕಿಲೋಗ್ರಾಂ ಇದೆ. 2019ರ ಮೇ 20ರಿಂದ ಕಿಲೋಗ್ರಾಂ ಯಾವ ಲೋಹದ ತುಂಡನ್ನೂ ನೆಚ್ಚಿಕೊಂಡಿಲ್ಲ. ಪ್ಲಾಂಕ್ ಸ್ಥಿರಾಂಕವೇ ಅದಕ್ಕೆ ಆಧಾರ. ಗುರುಗುಂಟಾದ ತೊಗರಿ ಚೀಲ ಅಲ್ಲಿಯವರೆಗೆ ಕೊಂಡಿ ತಪ್ಪದೆ ಸೇರಿಕೊಂಡಿದೆ.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ದೆಹಲಿಯಲ್ಲಿ ಕರಾರುವಾಕ್ಕಾಗಿ ಹೊಂದಿಸಿದ ಕರೆಂಟಿನ ಕಾಟಾವನ್ನು ಹಾಗೇ ಇಲ್ಲಿಗೆ ತಂದಿಟ್ಟರೆ, 50 ಕೆ.ಜಿ. ಚೀಲಕ್ಕೆ ಸುಮಾರು 40 ಗ್ರಾಂ ಕಡಿಮೆ ತೋರಿಸುತ್ತದೆ. ಸಮಭಾಜಕಕ್ಕೆ ಹತ್ತಿರವಾದಷ್ಟೂ, ನೆಲ ಎತ್ತರವಾದಷ್ಟೂ ಭೂಮಿಯ ಸೆಳೆತ ಸಣ್ಣಗಾಗುತ್ತದೆ. ಹಳೆಯ ತಕ್ಕಡಿಗೆ ಈ ತೊಂದರೆ ಇರಲಿಲ್ಲ, ಎರಡೂ ಪರಡಿಗಳ ಮೇಲೆ ಸೆಳೆತ ಒಂದೇ. ಆದ್ದರಿಂದ ಪೆಟ್ಟಿಗೆಯ ಜೊತೆ ಬಂದ ಕಾರ್ಖಾನೆಯ ಕಾಗದ ಸಾಲದು. ಕಾಟಾ ಎಲ್ಲಿ ತೂಗುತ್ತದೋ ಅಲ್ಲೇ ಅದರ ಪರೀಕ್ಷೆ ಆಗಬೇಕು.

ಇದೇ ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ. ಚಿನ್ನ ತೂಗುವಾಗ ಗುಂಜಿಯಷ್ಟು ತಪ್ಪಿದರೂ ಯಾರೂ ಸುಮ್ಮನಿರುವುದಿಲ್ಲ. ತೊಗರಿಗೆ, ಹತ್ತಿಗೆ ಆ ಎಚ್ಚರ ಇನ್ನೂ ಬಂದಿಲ್ಲ. ಚೀಲಕ್ಕಿಷ್ಟು ಎಂದು ಕಡಿಯುವ ಸೂಟು ಬೇರೆ ಇದೆ. ಅದನ್ನು ಯಾವ ಕ್ಯಾಲಿಬ್ರೇಶನ್ನೂ ಸರಿಪಡಿಸದು, ಅದಕ್ಕೆ ಬೇರೆಯದೇ ಜಗಳ ಆಗಬೇಕು. ಆದರೆ ಕಾಟಾದ ತಪ್ಪಿಗೆ ಮದ್ದು ಕೈಗೆಟಕುವಲ್ಲೇ ಇದೆ.

ಕರೆಂಟಿನ ಕಾಟಾಕ್ಕೆ 12 ತಿಂಗಳಿಗೊಮ್ಮೆ ಮುದ್ರೆ ಆಗಲೇಬೇಕು, ಅದರ ಪ್ರಮಾಣಪತ್ರ ಅಂಗಡಿಯಲ್ಲಿ ಎದ್ದು ಕಾಣುವ ಹಾಗೆ ಇರಬೇಕು. ಮಾಲು ಇಳಿಸುವ ಮುಂಚೆ ಆ ಕಾಗದದ ತಾರೀಖು ನೋಡಿ. ಕಾಟಾ ಮಟ್ಟದಲ್ಲಿದೆಯೇ, ಸೊನ್ನೆ ನಿಂತಿದೆಯೇ ನೋಡಿ. ಮುದ್ರೆ ಇರುವ ಕಲ್ಲನ್ನು ನಡುವೆ ಒಮ್ಮೆ, ಮೂಲೆಗೊಮ್ಮೆ ಇಡಿಸಿ. ಚೀಲವನ್ನು ನಡುವೆಯೇ, ಮೆಲ್ಲಗೆ ಇಳಿಸಲು ಹೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಬೆಳೆದ ಮಾಲು ನಿಮ್ಮದು.