ಪ್ರೂಫ್ ಯಾರು ನೋಡಿದರು?

ತಮ್ಮ ಮನೆಯ ಸತ್ಯವೇದವನ್ನೊಮ್ಮೆ ಕೈಗೆತ್ತಿಕೊಂಡು ಪುಟಗಳನ್ನು ತಿರುವಿ ನೋಡಿ. ಎಲ್ಲೋ ಒಂದೆಡೆ ಅಂಚು ಹಳದಿಗಟ್ಟಿದ ಚಿಕ್ಕ ಕಾರ್ಡೊಂದು ಸಿಕ್ಕೀತು. ಅಗಲಿದ ಅಜ್ಜಿಯದೋ ದೊಡ್ಡಪ್ಪನದೋ ಭಾವಚಿತ್ರ, ಹೆಸರು, ಎರಡು ತಾರೀಖುಗಳು. ಅದನ್ನು ವಿನ್ಯಾಸ ಮಾಡಿದವರು ಯಾರೆಂದು ನಾವು ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ. ಅಂಥ ಒಂದು ಕಾರ್ಡಿನ ವಿಷಯವನ್ನೇ ನಾನಿಲ್ಲಿ ಹೇಳಹೊರಟಿರುವುದು. ಅದನ್ನು ವಿನ್ಯಾಸ ಮಾಡಿದವಳು ನಾನು, ಕೆಡಿಸಿದವಳೂ ನಾನೇ.

ನಾನು ಮೈಸೂರಿನಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿರುವ ಕೊನೆಯ ವರ್ಷದ ವಿದ್ಯಾರ್ಥಿನಿ. ಊರು ಮಂಗಳೂರು. ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ಅಮ್ಮ "ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದು" ಎಂದು ಹೇಳಿ ಮಾತು ಬದಲಾಯಿಸುತ್ತಾರೆ. ನಮ್ಮ ಮನೆಯಲ್ಲಿ ಈ ವಿದ್ಯೆಯ ಅರ್ಥ ತಿಳಿದಿದ್ದವರು ಒಬ್ಬರೇ, ನನ್ನ ಅಜ್ಜ. ಅವರು ಮೂವತ್ತು ವರ್ಷಕ್ಕೂ ಮಿಕ್ಕಿ ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸಿದವರು. ಕನ್ನಡದ ಒಂದು ಪುಟ ಜೋಡಿಸಲು ನೂರಾರು ಮನೆಗಳುಳ್ಳ ಪೆಟ್ಟಿಗೆಯ ಮುಂದೆ ನಿಲ್ಲಬೇಕಿತ್ತಂತೆ. ಕಾಗುಣಿತಕ್ಕೊಂದು ಮನೆ, ಒತ್ತಿಗೊಂದು ಮನೆ. ಇಂಗ್ಲಿಷ್ ಜೋಡಿಸುವವನು ನಿಂತಲ್ಲೇ ನಿಂತಿರುತ್ತಾನೆ, ಕನ್ನಡ ಜೋಡಿಸುವವನು ದಿನಕ್ಕೆ ನಾಲ್ಕು ಮೈಲಿ ನಡೆಯುತ್ತಾನೆ ಎಂದು ಅಜ್ಜ ನಗುತ್ತಿದ್ದರು. ನಾಲ್ಕು ಮೈಲಿ ಎಂಬುದು ಅವರ ಲೆಕ್ಕ, ನಾನು ಅಳೆದಿಲ್ಲ.

ಮಂಗಳೂರಿನವರಿಗೆ ಮುದ್ರಣದ ಹೆಮ್ಮೆ ಸ್ವಲ್ಪ ಹೆಚ್ಚೇ. ಬಾಸೆಲ್ ಮಿಶನ್ನಿನವರು 1841ರಲ್ಲಿ ಇಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿದರು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರತಂದದ್ದು ಈ ಊರಿನಿಂದಲೇ. ಅದು ಮೊಳೆಗಳಿಂದ ಅಚ್ಚಾದದ್ದಲ್ಲ. ಕೈಬರಹವನ್ನು ಕಲ್ಲಿನ ಮೇಲೆ ಮೂಡಿಸಿ ಅಚ್ಚು ಹಾಕಿದ್ದು. ಕಿಟ್ಟೆಲರ ನಿಘಂಟು 1894ರಲ್ಲಿ ಇದೇ ಊರಿನಲ್ಲಿ ಮುದ್ರಣವಾಯಿತು. 1,700ಕ್ಕೂ ಹೆಚ್ಚು ಪುಟಗಳ ಆ ಗ್ರಂಥವನ್ನು ನಾನು ಚಿಕ್ಕಂದಿನಲ್ಲಿ ದಿಂಬಿನಷ್ಟು ದಪ್ಪದ ಪುಸ್ತಕವೆಂದಷ್ಟೇ ಬಲ್ಲೆ. ಅದರ ಒಂದೊಂದು ಒತ್ತಕ್ಷರವನ್ನೂ ಯಾರೋ ಬೆರಳಿನಿಂದ ಎತ್ತಿ ಇಟ್ಟಿದ್ದಾರೆಂಬುದು ಹೊಳೆದದ್ದು ಬಹಳ ತಡವಾಗಿ, ಅದೂ ಒಂದು ಅವಮಾನದ ನಂತರ.

ಎರಡನೆಯ ವರ್ಷದ ರಜೆಯಲ್ಲಿ ಊರಿಗೆ ಬಂದಿದ್ದೆ. ನಮ್ಮ ಓಣಿಯ ನಿವೃತ್ತ ಶಾಲಾಮಾಸ್ಟರರ ಪತ್ನಿ ತೀರಿಕೊಂಡು ವರ್ಷವಾಗುತ್ತಿತ್ತು. ಸ್ಮರಣೆಯ ಕಾರ್ಡನ್ನು ಮಾಡಿಕೊಡುವೆಯಾ ಎಂದು ಅವರ ಮಗ ಕೇಳಿದರು. ಅದು ನನ್ನ ಮೊದಲ ನಿಜವಾದ ಕೆಲಸ. ಮೂರು ದಿನ ಕುಳಿತು ಮಾಡಿದೆ. ತೆಳು ನೀಲಿಯ ಹಿನ್ನೆಲೆ, ಚಿನ್ನದ ಬಣ್ಣದ ಗೆರೆ, ಮೂಲೆಯಲ್ಲಿ ಒಂದು ಲಿಲ್ಲಿ ಹೂವು. ಕೊನೆಯ ಗಳಿಗೆಯಲ್ಲಿ ಹೆಸರಿಗೆ ಇನಿಶಿಯಲ್ ಸೇರಿಸಬೇಕೆಂದು ಫೋನು ಬಂತು. ಹೊಸದೊಂದು ಚೌಕ ಎಳೆದು, ಹೆಸರನ್ನೂ ಅದರ ಕೆಳಗಿನ ಸಾಲನ್ನೂ ಮತ್ತೆ ಅಂಟಿಸಿ, ಕಡತವನ್ನು ಮುದ್ರಣಾಲಯಕ್ಕೆ ಕಳುಹಿಸಿದೆ. ಚಿನ್ನದ ಬಣ್ಣ ಸರಿಯಾಗಿ ಬರುವುದೋ ಇಲ್ಲವೋ ಎಂಬ ಚಿಂತೆಯಲ್ಲಿ ರಾತ್ರಿ ನಿದ್ರೆ ಬರಲಿಲ್ಲ.

ಚಿನ್ನದ ಬಣ್ಣ ಚೆನ್ನಾಗಿಯೇ ಬಂತು. ಆದರೆ 'ಕ್ರಿಸ್ತನಲ್ಲಿ' ಎಂಬ ಪದ 'ಕ್‌ರಿಸ್‌ತನಲ್‌ಲಿ' ಎಂದು ಅಚ್ಚಾಗಿತ್ತು. ಆ ತಾಯಿಯ ಹೆಸರಿನ ಕೊನೆಯಲ್ಲಿದ್ದ 'ಅಮ್ಮ' ಒಡೆದು 'ಅಮ್‌ಮ' ಆಗಿತ್ತು. ಮುನ್ನೂರು ಕಾರ್ಡುಗಳು.

ಕಾರಣ ತೀರ ಸಣ್ಣದು. ಕಂಪ್ಯೂಟರು 'ಕ್ರ' ಎಂಬುದನ್ನು ಒಂದೇ ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ. ಕಕಾರ, ಅರ್ಧಾಕ್ಷರದ ಚಿಹ್ನೆ, ರಕಾರ ಎಂದು ಮೂರು ತುಂಡುಗಳಾಗಿ ಇಟ್ಟುಕೊಳ್ಳುತ್ತದೆ. ಅವುಗಳನ್ನು ಕೂಡಿಸಿ ಒತ್ತನ್ನು ಕೆಳಗೆ ಕೂರಿಸುವುದು ಫಾಂಟಿನ ಮತ್ತು ತಂತ್ರಾಂಶದ ಕೆಲಸ. ನಾನು ಬಳಸಿದ ತಂತ್ರಾಂಶದಲ್ಲಿ ಇಂಥ ಲಿಪಿಗಳಿಗೆಂದೇ ಪ್ರತ್ಯೇಕ ಆಯ್ಕೆಯೊಂದಿದೆ. ಹೊಸ ಚೌಕ ಎಳೆದಾಗ ಅದನ್ನು ಆರಿಸಲು ಮರೆತಿದ್ದೆ. ತಾಂತ್ರಿಕವಾಗಿ ಇಷ್ಟೇ. ಆದರೆ ಕಳುಹಿಸುವ ಮೊದಲು ಪರದೆಯ ಮೇಲೆ ಆ ಪುಟವನ್ನು ನಾನು ಇಪ್ಪತ್ತು ಬಾರಿಯಾದರೂ ನೋಡಿದ್ದೆನಲ್ಲವೇ? ನೋಡಿದ್ದೆ, ಓದಿರಲಿಲ್ಲ. ಅಕ್ಷರಗಳು ನನಗೆ ಹೂವಿನ ಪಕ್ಕದಲ್ಲಿದ್ದ ಇನ್ನೊಂದು ಆಕಾರವಾಗಿದ್ದವು.

ಮರುಮುದ್ರಣಕ್ಕೆ ಸಮಯವಿರಲಿಲ್ಲ, ಆರಾಧನೆ ಮರುದಿನ ಬೆಳಿಗ್ಗೆಯೇ ಇತ್ತು. ಕ್ಷಮೆ ಕೇಳಲೆಂದು ಸಂಜೆ ಅವರ ಮನೆಗೆ ಹೋದಾಗ ಮಾಸ್ಟರರು ಜಗಲಿಯಲ್ಲಿ ಕುಳಿತಿದ್ದರು. ಮುಂದೆ ಕಾರ್ಡುಗಳ ಕಟ್ಟು, ಕೈಯಲ್ಲಿ ಕಪ್ಪು ಶಾಯಿಯ ಪೆನ್ನು ಮತ್ತು ಬ್ಲೇಡು. ಪತ್ನಿಯ ಹೆಸರಿನಲ್ಲಿ ತಪ್ಪಾಗಿ ನಿಂತಿದ್ದ ಅಕ್ಷರವನ್ನು ಮೆಲ್ಲಗೆ ಕೆರೆದು, ಕೆಳಗೆ ಮಕಾರದ ಒತ್ತನ್ನು ತಮ್ಮ ಕೈಯಿಂದಲೇ ಬರೆಯುತ್ತಿದ್ದರು. ಒಂದಾದ ಮೇಲೆ ಒಂದು. ಬೈಯಲಿಲ್ಲ. ಪಕ್ಕದ ಚಾಪೆಯನ್ನು ತೋರಿಸಿ, "ನಿನ್ನ ಅಕ್ಷರ ದುಂಡಗಿದೆಯೇ? ಹಾಗಿದ್ದರೆ ಕೂತುಕೋ" ಎಂದರು. ರಾತ್ರಿ ಹನ್ನೊಂದರವರೆಗೆ ಇಬ್ಬರೂ ಬರೆದೆವು. ಒಂದೇ ಒತ್ತನ್ನು ನೂರು ಸಲ ಬರೆದಾಗ ಅದು ಎಲ್ಲಿ ತೊಡಗುತ್ತದೆ, ಎಲ್ಲಿ ಬಾಗುತ್ತದೆ, ಮೇಲಿನ ಅಕ್ಷರದಿಂದ ಎಷ್ಟು ದೂರ ನಿಲ್ಲಬೇಕು ಎಂಬುದು ಬೆರಳಿಗೇ ತಿಳಿದುಬಿಡುತ್ತದೆ. ಎರಡು ವರ್ಷಗಳ ತರಗತಿಯಲ್ಲಿ ಇದು ನನಗೆ ತಿಳಿದಿರಲಿಲ್ಲ.

ಮನೆಗೆ ಬಂದು ಅಜ್ಜನಿಗೆ ಎಲ್ಲವನ್ನೂ ಹೇಳಿದೆ. ತಂತ್ರಾಂಶದ ವಿಚಾರವನ್ನೂ ವಿವರಿಸಿದೆ. ಪೂರ್ತಿ ಕೇಳಿದ ಅವರು ಒಂದೇ ಪ್ರಶ್ನೆ ಹಾಕಿದರು: "ಪ್ರೂಫ್ ಯಾರು ನೋಡಿದರು?"

ಕಾಲೇಜಿಗೆ ಮರಳಿದ ಮೇಲೆ ನನ್ನ ಕೆಲಸಗಳ ಕಡತವನ್ನು ತೆರೆದು ನೋಡಿದೆ. ಹದಿನಾಲ್ಕು ಯೋಜನೆಗಳಲ್ಲಿ ಹದಿಮೂರು ಇಂಗ್ಲಿಷಿನಲ್ಲಿದ್ದವು. ನಮ್ಮ ಪಾಠಗಳೂ ಹಾಗೆಯೇ. ಸಾಲುಗಳ ನಡುವಿನ ಅಂತರ ಇಷ್ಟಿರಲಿ ಎಂದು ಕಲಿಸುವಾಗ ಉದಾಹರಣೆ ರೋಮನ್ ಲಿಪಿಯದು. ಅದೇ ಅಂತರವನ್ನು ಕನ್ನಡಕ್ಕೆ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸುವಿಗೆ ತಾಗುತ್ತದೆ. 'ಧರ್ಮ'ದಂಥ ಪದದಲ್ಲಿ ಉಚ್ಚಾರದಲ್ಲಿ ಮೊದಲು ಬರುವ ರೇಫೆ ಬರಹದಲ್ಲಿ ಅಕ್ಷರದ ಬಲಕ್ಕೆ ಅರ್ಕಾವತ್ತಾಗಿ ಕೂರುತ್ತದೆ. ಅದಕ್ಕೆ ಜಾಗ ಬಿಡಬೇಕು. ಇಂಗ್ಲಿಷ್ ಶೀರ್ಷಿಕೆಗೆ ಅಂದವೆಂದು ಅಕ್ಷರಗಳನ್ನು ದೂರ ದೂರ ಎಳೆಯುವಂತೆ ಕನ್ನಡವನ್ನು ಎಳೆದರೆ ದೀರ್ಘದ ಚಿಹ್ನೆ ತನ್ನ ಅಕ್ಷರವನ್ನು ಬಿಟ್ಟು ಅನಾಥವಾಗುತ್ತದೆ. ಇವೆಲ್ಲ ಅಜ್ಜನಂಥವರಿಗೆ ಕೈಯಲ್ಲೇ ಇದ್ದ ತಿಳಿವಳಿಕೆ. ಮೊಳೆಗಳು ಗುಜರಿಗೆ ಹೋದಾಗ ಅದೂ ಅವುಗಳ ಜೊತೆಗೇ ಹೋಯಿತೇನೋ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಜಾಹೀರಾತು ಸಂಸ್ಥೆಯೊಂದರಲ್ಲಿ ಎರಡು ತಿಂಗಳು ತರಬೇತಿ ಪಡೆದೆ. ವೇಗವನ್ನು ಅಲ್ಲಿ ಕಲಿತೆ, ಅದಕ್ಕೆ ಕೃತಜ್ಞಳು. ಆದರೆ ಅಲ್ಲಿ ಕನ್ನಡವೆಂದರೆ ಎಲ್ಲ ಮುಗಿದ ಮೇಲೆ ಉಳಿದ ಜಾಗದಲ್ಲಿ ತುಂಬುವ ಅನುವಾದ. ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂಬ ತಿದ್ದುಪಡಿ 2024ರಲ್ಲಿ ಜಾರಿಗೆ ಬಂದಿರುವುದರಿಂದ ಅಂಗಡಿಗಳ ಮೇಲೆ ಕನ್ನಡ ದೊಡ್ಡದಾಗಿದೆ. ದೊಡ್ಡದಾಗಿದೆ, ನಿಜ. ಅಳತೆ ತುಂಬಿಸಲೆಂದು ಅಡ್ಡಕ್ಕೆ ಹಿಗ್ಗಿಸಿದ ಅಕ್ಷರಗಳು ಎಷ್ಟೆಂದು ತಾವೇ ಪೇಟೆಯಲ್ಲಿ ನಡೆಯುವಾಗ ಎಣಿಸಿ ನೋಡಬಹುದು.

ಇನ್ನು, ಈ ವೃತ್ತಿ ಉಳಿಯುವುದೇ ಎಂಬ ಪ್ರಶ್ನೆ. ಮಕ್ಕಳನ್ನು ಇಂಥ ಓದಿಗೆ ಕಳುಹಿಸಿರುವ ತಂದೆತಾಯಿಯರು ಆರಾಧನೆಯ ನಂತರ ನನ್ನನ್ನು ಕೇಳುವುದು ಇದನ್ನೇ. ಒಂದು ವಾಕ್ಯ ಬರೆದರೆ ಪೋಸ್ಟರು ಬಿಡಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ಎಲ್ಲರ ಮೊಬೈಲಿನಲ್ಲೂ ಇವೆ. ನಮ್ಮ ಯೌವನಸ್ಥರ ಕೂಟದ ಈ ಬಾರಿಯ ಪೋಸ್ಟರನ್ನು ಪಿಯುಸಿ ಓದುವ ಹುಡುಗನೊಬ್ಬ ಹತ್ತು ನಿಮಿಷದಲ್ಲಿ ಮಾಡಿದ. ನನ್ನನ್ನು ಯಾರೂ ಕೇಳಲಿಲ್ಲ. ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಪೋಸ್ಟರು ನೋಡಲು ಚೆನ್ನಾಗಿಯೇ ಇತ್ತು. 'ಆಮಂತ್ರಣ' ಎಂಬ ಪದದ ನಡುವೆ ಮಾತ್ರ ಯಾವ ಭಾಷೆಗೂ ಸೇರದ ಅಕ್ಷರವೊಂದಿತ್ತು. ನಾನು ಒಳಗೊಳಗೇ ಸಂತೋಷಪಟ್ಟೆ. ಆಮೇಲೆ ನಾಚಿಕೆಯಾಯಿತು. ಯಂತ್ರದ ಆ ತಪ್ಪು ಇಂದಲ್ಲ ನಾಳೆ ಸರಿಹೋಗುತ್ತದೆ. ಅದರ ಮೇಲೆ ನನ್ನ ಜೀವನೋಪಾಯವನ್ನು ಕಟ್ಟಲಾಗದು. ಅಲ್ಲದೆ, ಓದದೆಯೇ ಕಳುಹಿಸಿಬಿಡುವ ದೋಷ ಆ ಹುಡುಗನದು ಮಾತ್ರವೇ? ನನ್ನ ಮುನ್ನೂರು ಕಾರ್ಡುಗಳಲ್ಲಿ ಯಂತ್ರದ ಪಾಲೆಷ್ಟು, ನನ್ನ ಪಾಲೆಷ್ಟು?

ಅಕ್ಷರಗಳಿಗೆ ಏನು ಭವಿಷ್ಯವಿದೆ ಎಂದು ಹಾಸ್ಯ ಮಾಡುವ ಗೆಳೆಯರಿಗೆ ನಾನು ನಮ್ಮ ರೂಪಾಯಿ ಚಿಹ್ನೆಯನ್ನು ತೋರಿಸುತ್ತೇನೆ. 2010ರಲ್ಲಿ ಆಯ್ಕೆಯಾದ ಅದನ್ನು ರೂಪಿಸಿದ ಉದಯಕುಮಾರ್ ಅವರು ತಮಿಳು ಅಕ್ಷರವಿನ್ಯಾಸವನ್ನು ಆಳವಾಗಿ ಅಭ್ಯಾಸ ಮಾಡಿದವರು. ಎಲ್ಲರಿಗೂ ಅಂಥ ಅವಕಾಶ ಸಿಗದೆಂಬುದು ನನಗೆ ಗೊತ್ತು. ನನ್ನ ಶಿಕ್ಷಣಸಾಲದ ಕಂತು ಓದು ಮುಗಿದ ಬಳಿಕ ಆರಂಭವಾಗುತ್ತದೆ, ತಮ್ಮನ ಓದು ಇನ್ನೂ ಬಾಕಿ ಇದೆ. ಆದ್ದರಿಂದ ತರಬೇತಿ ಪಡೆದ ಸಂಸ್ಥೆಯವರು ಕೊಡುವೆವೆಂದ ಕೆಲಸವನ್ನು ಒಪ್ಪಿಕೊಂಡಿದ್ದೇನೆ. ಅಕ್ಷರವಿನ್ಯಾಸವನ್ನೇ ಮುಂದೆ ಓದಬೇಕೆಂಬ ಆಸೆಯನ್ನು ಎರಡು ವರ್ಷ ಮುಂದೂಡಿದ್ದೇನೆ. ಮುಂದೂಡಿದ್ದು ಬಿಟ್ಟುಹೋಗುವುದುಂಟು ಎಂಬ ಭಯ ಇಲ್ಲದಿಲ್ಲ.

ಆದ್ದರಿಂದಲೇ ಈಗಿನಿಂದಲೇ ಸಂಜೆಯ ಹೊತ್ತು ಒಂದು ಫಾಂಟನ್ನು ಬರೆಯತೊಡಗಿದ್ದೇನೆ. ವಯಸ್ಸಾದವರು ಸಂಧ್ಯಾಕಾಲದ ಬೆಳಕಿನಲ್ಲೂ ಓದಬಲ್ಲಂಥದು. ಒತ್ತಕ್ಷರಗಳು ಪುಡಿಪುಡಿಯಾಗದೆ ಸಾಕಷ್ಟು ದೊಡ್ಡದಾಗಿ, ಒಳಗಿನ ಬಯಲು ತೆರೆದುಕೊಂಡು ಕೂರುವಂಥದು. ಮೂಲಾಕ್ಷರಗಳು 49ನ್ನೂ ಬರೆದು ಮುಗಿಸಿದ್ದೇನೆ. ಅದು ಸುಲಭದ ಭಾಗ. ಒತ್ತುಗಳು ನನ್ನನ್ನು ಸತಾಯಿಸುತ್ತಿವೆ.

ಕಳೆದ ವರ್ಷ ಅಜ್ಜ ತೀರಿಕೊಂಡರು. ಅವರ ಕಾರ್ಡನ್ನು ನಾನೇ ಮಾಡಿದೆ. ಬಿಳಿ ಹಾಳೆ, ಕಪ್ಪು ಅಕ್ಷರ, ಹೂವಿಲ್ಲ. ಮೂರು ಬಾರಿ ಪ್ರೂಫ್ ತೆಗೆದು ಮೂರನ್ನೂ ಮಾಸ್ಟರರಿಗೆ ಓದಲು ಕೊಟ್ಟೆ. ಮೂರನೆಯದರಲ್ಲೂ ಅವರು ಒಂದು ಅಲ್ಪವಿರಾಮ ಹಾಕಿಸಿದರು.

ಫಾಂಟಿನ ಪ್ರತಿಗಳೂ ಈಗ ಅವರಲ್ಲಿಗೇ ಹೋಗುತ್ತವೆ. ಅವರಿಗೆ ಎಂಬತ್ತು ದಾಟಿದೆ, ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದೆ. ಜಗಲಿಯಲ್ಲಿ ಕುಳಿತು, ಭೂತಗನ್ನಡಿಯನ್ನು ಬದಿಗಿಟ್ಟು, ಬರಿಗಣ್ಣಿನಲ್ಲಿ ಎಷ್ಟು ಓದಲಾಗುವುದೋ ಅಷ್ಟನ್ನು ಗಟ್ಟಿಯಾಗಿ ಓದುತ್ತಾರೆ; ತಡವರಿಸಿದಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಾರೆ. ಹೋದ ವಾರ ಮರಳಿಬಂದ ಹಾಳೆಯಲ್ಲಿ ಹನ್ನೊಂದು ಸುತ್ತುಗಳಿದ್ದವು. ಅವುಗಳಲ್ಲಿ ನಾಲ್ಕು ಮಕಾರದ ಒತ್ತಿನ ಸುತ್ತ. ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದರು: ಇನ್ನೂ ಸ್ವಲ್ಪ ಕೆಳಗೆ.