ಮಣ್ಣಿನ ಶುದ್ಧಿಯೂ ದಾಸೋಹವೇ

ಪದಾರ್ಥವು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗುತ್ತದೆಂಬುದು ಶರಣರು ನಮಗಿತ್ತ ಅರಿವು. ಆದರೆ ಅರ್ಪಿಸುವ ಮುನ್ನ ಆ ಪದಾರ್ಥ ಎಂಥ ಮಣ್ಣಿನಲ್ಲಿ ಬೆಳೆಯಿತೆಂದು ವಿಚಾರಿಸುವ ಹೊಣೆಯೂ ನಮ್ಮದಲ್ಲವೇ?

2019ರ ಆಗಸ್ಟ್ ತಿಂಗಳ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಕುಸಿದು ಮಂದಾರದ ಮನೆಗಳನ್ನೂ ಅಡಿಕೆ, ತೆಂಗಿನ ತೋಟಗಳನ್ನೂ ಆವರಿಸಿತು. ಅಲ್ಲಿ ಕಸ ಕಣ್ಣಿಗೆ ಕಂಡಿತು. ಮಣ್ಣು ಮುಚ್ಚಿದ ಕಸ ಕಾಣುವುದಿಲ್ಲ.

ಸಿದ್ದಾಪುರದ ನಮ್ಮ ಹಿತ್ತಲಿನಲ್ಲಿಯೂ ಬಹುಕಾಲ ಮನೆಯ ಕಸ ಸುರಿದ ಗುಂಡಿಯೊಂದಿತ್ತು. ಅದನ್ನು ಮುಚ್ಚಿ ಹರಿವೆ, ಬಸಳೆ ಬೆಳೆಯೋಣವೆಂದು ಸೊಸೆ ಹೇಳಿದಳು. ತಾನಾಗಿ ಹುಟ್ಟಿದ ಕೆಸುವಿನೆಲೆ ಅಲ್ಲಿ ಕೊಡೆಯಂತೆ ಅರಳಿತ್ತು. “ಇಷ್ಟು ಫಲವತ್ತಾದ ಮಣ್ಣಿನಲ್ಲಿ ದೋಷವೇನು?” ಎಂಬುದು ಅವಳ ಪ್ರಶ್ನೆ. ಆಗಷ್ಟೇ ಅನ್ನ ಕಲಿಯುತ್ತಿದ್ದ ಮೊಮ್ಮಗುವನ್ನು ನೆನೆದು ನಾನು ಒಪ್ಪಲಿಲ್ಲ.

ಸೊಂಪು ಬರುವುದು ಕೊಳೆತ ಕಸದ ಸಾರದಿಂದ. ಎಲೆ, ಸಿಪ್ಪೆ ಕೊಳೆತು ಗೊಬ್ಬರವಾಗುತ್ತವೆ; ಬ್ಯಾಟರಿಯ ಸೀಸ, ಕ್ಯಾಡ್ಮಿಯಂ, ಟ್ಯೂಬ್‌ಲೈಟಿನ ಪಾದರಸ ಕೊಳೆಯುವುದಿಲ್ಲ. ಸೊಪ್ಪು, ಗೆಡ್ಡೆಗಳಲ್ಲಿ ಇವು ಹಣ್ಣು, ಕಾಯಿಗಳಿಗಿಂತ ಸಾಮಾನ್ಯವಾಗಿ ಹೆಚ್ಚು ಸೇರುತ್ತವೆ. ತೊಳೆದರೆ ಮೇಲಣ ಧೂಳು ಹೋದೀತು. ಒಳಹೊಕ್ಕ ಲೋಹ ಬೇಯಿಸಿದರೂ ನಾಶವಾಗದು. ಸೀಸವು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಮಾರಕ. ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಳ ಕಾಲ ನಿಲ್ಲುತ್ತದೆ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಬೆರೆತ ನೀರು ಗದ್ದೆಗೆ ಹರಿದು, ಆ ಅನ್ನವನ್ನುಂಡವರ ಎಲುಬುಗಳು ಮೆತ್ತಗಾಗಿ ಮುರಿದವು. ಅವರ ನೋವಿನ ಕೂಗಾದ ‘ಇತಾಯಿ-ಇತಾಯಿ’ಯೇ ರೋಗದ ಹೆಸರಾಯಿತು. 1968ರಲ್ಲಿ ಅಲ್ಲಿನ ಸರ್ಕಾರ ಕಾರಣವನ್ನು ಒಪ್ಪಿಕೊಂಡಿತು.

ನಮ್ಮ ಕರಾವಳಿಯ ಮುರಕಲ್ಲಿನ ಮಣ್ಣು ಆಮ್ಲಗುಣದ್ದು. ಇಂಥ ಮಣ್ಣಿನಲ್ಲಿ ಕ್ಯಾಡ್ಮಿಯಂ ಬೇರಿಗೆ ಸುಲಭವಾಗಿ ದೊರಕುತ್ತದೆ. ಸುಣ್ಣ ಮತ್ತು ಚೆನ್ನಾಗಿ ಕಳಿತ ಗೊಬ್ಬರ ಹಾಕಿದರೆ ಗಿಡ ಹೀರುವುದು ತಗ್ಗುತ್ತದೆ. ಲೋಹ ಮಾತ್ರ ಅಲ್ಲಿಯೇ ಇರುತ್ತದೆ. ಹಳೆಯ ಕಸದ ನೆಲದಲ್ಲಿ ಬೆಳೆಯಬೇಕೆನ್ನುವವರು ಮೊದಲು ಮಣ್ಣನ್ನು ಪರೀಕ್ಷಿಸಲಿ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂಗಳ ಲೆಕ್ಕ ಬರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು.

ನಮ್ಮ ಗುಂಡಿಯ ಮೇಲೆ ಈಗ ದಾಸವಾಳ, ಕನಕಾಂಬರ ಅರಳುತ್ತಿವೆ. ಸೊಸೆಯ ಬಸಳೆ ಚಪ್ಪರ ಬಾವಿಯಾಚೆಯ ಒಳ್ಳೆಯ ನೆಲದಲ್ಲಿದೆ.

ಕಾಯಕದಿಂದ ಬಂದುದನ್ನು ಹಂಚಿ ಉಣ್ಣುವುದು ದಾಸೋಹ. ನಾಳೆ ಉಣ್ಣುವವರಿಗಾಗಿ ಮಣ್ಣನ್ನು ನಿರ್ಮಲವಾಗಿ ಉಳಿಸುವುದೂ ದಾಸೋಹವೇ. ಮುಗಿದ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಹೊರಟ ಕೈ ಒಂದು ಕ್ಷಣ ತಡೆಯಲಿ.