ಅಲಗಿನ ಮೇಲಿನ ಅಕ್ಷರ

ಅಚ್ಚಾದ ಅಕ್ಷರವನ್ನು ನಂಬುವುದು ಓದುಬರಹ ಕಲಿತವರ ಹಣೆಬರಹ. ಬಾಯಲ್ಲಿ ಹೇಳಿದ ಮಾತಿಗೆ ಹತ್ತು ಪ್ರಶ್ನೆ ಹಾಕುವ ನಾವು, ಅದನ್ನೇ ಡಬ್ಬಿಯ ಮೇಲೆ ಮುದ್ರಿಸಿಕೊಟ್ಟರೆ ತಲೆದೂಗಿಬಿಡುತ್ತೇವೆ. ಇನ್ನು ಉಕ್ಕಿನ ಮೇಲೆಯೇ ಕೊರೆದ ಅಕ್ಷರವೆಂದರೆ ಕೇಳಬೇಕೆ? ಅದು ಶಿಲಾಶಾಸನಕ್ಕೆ ಸಮ.

ನಮ್ಮ ಮನೆಗೆ ಬಂದ ಒಂದು ಹೊರದೇಶದ ಚಾಕುವಿನ ಮೇಲೆ ಅಂಥ ಶಾಸನವಿತ್ತು: ‘ಡಿ-೨’. ತಂದವನು ನನ್ನ ಅಣ್ಣನ ಮಗ. “ಚಿಕ್ಕಪ್ಪ, ಇದು ಕಾರ್ಖಾನೆಗಳಲ್ಲಿ ತಗಡು ಕತ್ತರಿಸುವ ಅಚ್ಚುಗಳಿಗೆ ಬಳಸುವ ಉಕ್ಕು. ತರಕಾರಿ ಯಾವ ಲೆಕ್ಕ? ತಿಂಗಳುಗಟ್ಟಲೆ ಸಾಣೆಯ ಮಾತೇ ಇಲ್ಲ” ಎಂದ. ಶಾಸನಕ್ಕೆ ಗೌರವ ಕೊಟ್ಟು ಮನೆಯಲ್ಲಿ ಯಾರೂ ಅದನ್ನು ಸಾಣೆ ಹಿಡಿಸಲಿಲ್ಲ. ಐದಾರು ವಾರ ಕಳೆಯುವಷ್ಟರಲ್ಲಿ ಅದು ಟೊಮೇಟೊ ಸಿಪ್ಪೆಯ ಮೇಲೆ ಜಾರತೊಡಗಿತು. ಒಂದು ಬೆಳಿಗ್ಗೆ ಹಾಗೆ ಜಾರಿ, ನನ್ನ ಹೆಂಡತಿಯ ಬೆರಳಿನ ಮೇಲೆ ತನ್ನ ಉಳಿದ ಹರಿತವನ್ನೆಲ್ಲ ತೋರಿಸಿತು. ಹರಿತವಾದ ಚಾಕುವಿಗಿಂತ ಮೊಂಡು ಚಾಕುವೇ ಅಪಾಯ. ಅದಕ್ಕೆ ಹೆಚ್ಚು ಬಲ ಹಾಕಬೇಕು, ಅದು ಹೋದ ಕಡೆ ಕೈ ಹೋಗುತ್ತದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಅವಳು, “ಅಕ್ಷರ ಬರೆಯುವ ಖರ್ಚನ್ನು ಅಲಗಿಗೇ ಹಾಕಿದ್ದರೆ ಆಗುತ್ತಿತ್ತು” ಎಂದಳು.

ಬೀದಿಗೆ ಬರುವ ಸಾಣೆಯ ಸಾಬರು ಎರಡು ಸುತ್ತು ಹಿಡಿದು, “ನೀವು ಹೇಳುವ ಉಕ್ಕಾದರೆ ಕಲ್ಲಿಗೆ ಇಷ್ಟು ಬೇಗ ಸೋಲುವುದಿಲ್ಲ ಸಾರ್” ಎಂದರು. ಪೀಣ್ಯದ ಒಂದು ಪರೀಕ್ಷಾಲಯದಲ್ಲಿರುವ ನನ್ನ ಗೆಳೆಯನಿಗೆ ಈ ಮಾತು ಹೇಳಿದೆ. ಅವನು ಪಿಸ್ತೂಲಿನಂಥ ಒಂದು ಕ್ಷಕಿರಣ ಯಂತ್ರವನ್ನು ಅಲಗಿಗೆ ಹಿಡಿದ. ಕ್ರೋಮಿಯಂ ನೂರಕ್ಕೆ ಹನ್ನೆರಡು-ಹದಿಮೂರರ ಹತ್ತಿರ, ಸರಿ. ಆದರೆ ಜೊತೆಗಿರಬೇಕಾದ ಮಾಲಿಬ್ಡಿನಂ, ವೆನೇಡಿಯಂ ಹೆಸರಿಗಷ್ಟೆ. ಈ ಯಂತ್ರಕ್ಕೆ ಇಂಗಾಲ ಕಾಣುವುದಿಲ್ಲ. ಅದಕ್ಕಾಗಿ ಅಲಗಿನ ಮೇಲೆ ಕಿಡಿ ಹಾರಿಸಿ, ಆ ಬೆಳಕನ್ನು ಅಳೆಯುವ ಇನ್ನೊಂದು ಯಂತ್ರಕ್ಕೆ ಕೊಟ್ಟ. ಡಿ-೨ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಸುಮಾರು ೧.೫ ಇರಬೇಕು. ನಮ್ಮದರಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು!

“ಮೋಸವೇ?” ಎಂದೆ. “ಇರಬಹುದು, ಇಲ್ಲದೆಯೂ ಇರಬಹುದು” ಎಂದ. ಉಕ್ಕಿನ ಹಾಳೆಗಳೆಲ್ಲ ಕಣ್ಣಿಗೆ ಅಕ್ಕತಂಗಿಯರಂತೆ. ಹಾಳೆ ಎಳೆದವನೊಬ್ಬ, ಕತ್ತರಿಸಿದವನೊಬ್ಬ, ಕಾಸಿ ಹದ ಮಾಡಿದವನೊಬ್ಬ, ಹೆಸರು ಒತ್ತಿ ಮಾರಿದವನು ಇನ್ನೊಬ್ಬ. ಪ್ರತಿಯೊಬ್ಬನೂ ಹಿಂದಿನವನ ಕಾಗದವನ್ನು ನಂಬುತ್ತಾನೆ. ಪ್ರತಿ ಕಂತಿನಲ್ಲೂ ಕೆಲವು ಅಲಗುಗಳನ್ನು ತೆಗೆದು ಪರೀಕ್ಷಿಸುವವನು ನಡುವೆ ಒಬ್ಬನಾದರೂ ಇಲ್ಲದಿದ್ದರೆ, ಮೊದಲನೆಯವನ ತಪ್ಪು ಕೊನೆಯವನ ಕೈಯಲ್ಲಿ ಶಾಸನವಾಗುತ್ತದೆ. ಬಗೆ ಸರಿಯಿದ್ದರೂ ಸಾಲದು, ಹದವೂ ಸರಿಯಿರಬೇಕು. ಮಸೆಯುವಾಗ ಅಂಚು ಅತಿಯಾಗಿ ಕಾದರೂ ಸಾಕು, ಒಳ್ಳೆಯ ಉಕ್ಕೂ ಮೆತ್ತಗಾಗುತ್ತದೆ. ಹ್ಯಾರಿ ಬ್ರಿಯರ್ಲಿ ೧೯೧೩ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ತುಕ್ಕು ಹಿಡಿಯದ ಉಕ್ಕನ್ನು ತಂದಾಗ, ಅದರ ಹದ ಅರಿಯದ ಚಾಕುಗಾರರು ಅವನನ್ನು ‘ಕೊಯ್ಯದ ಚಾಕು ಕಂಡುಹಿಡಿದವನು’ ಎಂದು ಗೇಲಿ ಮಾಡಿದರಂತೆ.

ಆ ಶೆಫೀಲ್ಡಿಗೆ ಸುಳ್ಳು ಮುದ್ರೆಯ ಕಷ್ಟ ಹೊಸದಲ್ಲ. ಅಲ್ಲಿಯ ಚಾಕುಗಾರರು ೧೬೨೪ರಲ್ಲೇ ಶಾಸನಬದ್ಧ ಸಂಘ ಕಟ್ಟಿಕೊಂಡು ಒಬ್ಬೊಬ್ಬರ ಗುರುತನ್ನೂ ಕಾದುಕೊಂಡರು. ಮುಂದೆ ಜರ್ಮನಿಯ ಅಗ್ಗದ ಚಾಕುಗಳು ಶೆಫೀಲ್ಡಿನ ಹೆಸರು ಹೊತ್ತು ಬಂದವು. ೧೮೮೭ರ ಕಾನೂನಿನಿಂದಾಗಿ ಅಂಥ ಸರಕಿನ ಮೇಲೆ ‘ಜರ್ಮನಿಯಲ್ಲಿ ತಯಾರಾದದ್ದು’ ಎಂದು ಒತ್ತಬೇಕಾಯಿತು. ನಾಚಿಕೆಪಡಿಸಲು ಹಾಕಿದ ಆ ಮುದ್ರೆಯೇ ಕಾಲಕ್ರಮದಲ್ಲಿ ಮೆಚ್ಚುಗೆಯ ಮುದ್ರೆಯಾಯಿತು! ೧೯೩೮ರಲ್ಲಿ ಜರ್ಮನರೇ ತಮ್ಮ ಜೋಲಿಂಗೆನ್ ಊರಿನ ಹೆಸರನ್ನು ಕಳ್ಳರಿಂದ ಕಾಯಲು ಕಾನೂನು ಮಾಡಿಕೊಂಡರು. ನಿಜವಾದ ಹೆಸರು ಹೊತ್ತು ದುಡಿದರೆ ಹೆಸರೂ ಬೆಳೆಯುತ್ತದೆ.

ನನ್ನ ತಕರಾರು ಅಗ್ಗದ ಉಕ್ಕಿನ ಮೇಲಲ್ಲ. ಅಷ್ಟು ಇಂಗಾಲದ ಚಾಕು ಬೆಂಡೆಕಾಯಿಗೆ ಧಾರಾಳವಾಯಿತು. ಅದರ ನಿಜನಾಮವನ್ನೇ ಬರೆದು ಅದರ ಬೆಲೆಗೇ ಮಾರಿದ್ದರೆ, ವಾರಕ್ಕೊಮ್ಮೆ ಮಸೆದುಕೊಂಡು ಸುಖವಾಗಿರುತ್ತಿದ್ದೆವು, ಬೆರಳೂ ಉಳಿಯುತ್ತಿತ್ತು. ಗಾಯ ಮಾಡಿದ್ದು ಉಕ್ಕಲ್ಲ, ಅದರ ಮೇಲಿನ ಹೆಸರು.

ನನ್ನ ಹೆಂಡತಿ ತವರಿನಿಂದ ತಂದ ಈಳಿಗೆಮಣೆಯ ಮೇಲೆ ಅಕ್ಷರವೇ ಇಲ್ಲ. ಅದನ್ನು ಬಡಿದ ಕಮ್ಮಾರನನ್ನು ನಮ್ಮ ಮಾವನವರು, “ಎಂಥ ಉಕ್ಕಯ್ಯ ಇದು?” ಎಂದು ಕೇಳಿದರಂತೆ. “ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಬುದ್ಧಿ” ಎಂದನಂತೆ ಅವನು. ಇಂಗಾಲದ ಲೆಕ್ಕ ಅವನಿಗೆ ಗೊತ್ತಿರಲಿಲ್ಲ. ಆದರೆ ಮುಂದಿನ ಸಂತೆಯಲ್ಲೂ ಅದೇ ಮಾವನವರ ಎದುರಿಗೆ ನಿಲ್ಲಬೇಕೆಂಬುದು ಗೊತ್ತಿತ್ತು. ಲಾರಿಯ ಪಟ್ಟಿ ಎಂದು ಹೇಳಿ ಲಾರಿಯ ಪಟ್ಟಿಯನ್ನೇ ಕೊಟ್ಟ. ಅದು ಇನ್ನೂ ಕೊಯ್ಯುತ್ತಿದೆ.